ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಯಾವ ಅರ್ಥದಲ್ಲಿ ‘ಮೊದಲಿಗರು’?

ಪ್ರಶ್ನೆ: ಅಮೆರಿಕದ ಮೊದಲ ಕಪ್ಪು ಮಹಿಳಾ ನ್ಯಾಯಾಧೀಶೆ ಎಂದು ಒಂದು ಕಡೆ ಮಾಟ್ಲಿ ಹೆಸರಿದೆ, ಇನ್ನೊಂದು ಕಡೆ ಜೇನ್ ಬೋಲಿನ್. ಯಾವುದು ಸರಿ? ಹನ್ನೆರಡು ಮಕ್ಕಳಿದ್ದ ಮನೆಯ ಹುಡುಗಿಗೆ ಕಾನೂನು ಓದಲು ದುಡ್ಡು ಎಲ್ಲಿಂದ ಬಂತು? ಪರಿಚಯ ಲೇಖನಕ್ಕೆ ಬೇಕಿತ್ತು.

ಉತ್ತರ 1: ಇಬ್ಬರೂ ಮೊದಲಿಗರೇ, ಕೋರ್ಟು ಬೇರೆ. ಬೋಲಿನ್ 1939ರಲ್ಲಿ ನ್ಯೂಯಾರ್ಕ್ ನಗರದ ಕೌಟುಂಬಿಕ ನ್ಯಾಯಾಲಯಕ್ಕೆ ಬಂದರು, ನೇಮಿಸಿದ್ದು ಮೇಯರ್. ಮಾಟ್ಲಿ 1966ರಲ್ಲಿ ಸೇರಿದ್ದು ಫೆಡರಲ್ ಜಿಲ್ಲಾ ನ್ಯಾಯಾಲಯ. ಅಲ್ಲಿಗೆ ಅಧ್ಯಕ್ಷರು ಹೆಸರು ಕಳಿಸಬೇಕು, ಸೆನೆಟ್ ಒಪ್ಪಬೇಕು. ‘ಫೆಡರಲ್’ ಎಂಬ ಪದ ಬಿಟ್ಟರೆ ವಾಕ್ಯವೇ ತಪ್ಪಾಗುತ್ತದೆ. ಅಧ್ಯಕ್ಷ ಜಾನ್ಸನ್ ಜನವರಿಯಲ್ಲೇ ಹೆಸರು ಕಳಿಸಿದ್ದರೂ ಒಪ್ಪಿಗೆ ಸಿಕ್ಕಿದ್ದು ಆಗಸ್ಟ್ 30ಕ್ಕೆ. ತಡೆದವರು ಸೆನೆಟ್ ನ್ಯಾಯಾಂಗ ಸಮಿತಿಯ ಅಧ್ಯಕ್ಷ, ಮಿಸಿಸಿಪ್ಪಿಯ ಈಸ್ಟ್‌ಲ್ಯಾಂಡ್. 1962ರಲ್ಲಿ ಕಪ್ಪು ವಿದ್ಯಾರ್ಥಿ ಜೇಮ್ಸ್ ಮೆರೆಡಿತ್‌ಗಾಗಿ ಅದೇ ಮಿಸಿಸಿಪ್ಪಿಯ ವಿಶ್ವವಿದ್ಯಾಲಯದ ಬಾಗಿಲು ತೆರೆಸಿದ್ದ ವಕೀಲೆ ಇವರೇ ಎಂಬುದನ್ನು ಮರೆಯದೆ ಬರೆಯಿರಿ.

ಉತ್ತರ 2: ದುಡ್ಡಿನ ವಿಷಯ. ತಂದೆ ತಾಯಿ ನೆವಿಸ್ ದ್ವೀಪದಿಂದ ನ್ಯೂ ಹೇವನ್‌ಗೆ ಬಂದವರು. ತಂದೆ ಯೇಲ್‌ನ ವಿದ್ಯಾರ್ಥಿ ಸಂಘಗಳಲ್ಲಿ ಅಡುಗೆ ಮಾಡುತ್ತಿದ್ದರು. ಮಾಟ್ಲಿ ಒಂಬತ್ತನೆಯ ಮಗು. ಹೈಸ್ಕೂಲು ಮುಗಿದ ಮೇಲೆ ಓದು ನಿಂತೇ ಹೋಗಿತ್ತು. ಊರಿನ ಸಮುದಾಯ ಭವನಕ್ಕೆ ಕಪ್ಪು ಜನ ಯಾಕೆ ಬರುತ್ತಿಲ್ಲ ಎಂಬ ಚರ್ಚೆಯಲ್ಲಿ, ಅದನ್ನು ನಡೆಸುವುದರಲ್ಲಿ ಅವರಿಗೆ ಪಾಲೇ ಇಲ್ಲವಲ್ಲ ಎಂದು ಈ ಹುಡುಗಿ ನೇರವಾಗಿ ಹೇಳಿದಳು. ಕೇಳಿಸಿಕೊಂಡವರಲ್ಲಿ ಕ್ಲಾರೆನ್ಸ್ ಬ್ಲೇಕ್ಸ್‌ಲೀ ಎಂಬ ಬಿಳಿಯ ಶ್ರೀಮಂತರಿದ್ದರು. ಓದಿನ ಖರ್ಚು ಅವರದಾಯಿತು: ಮೊದಲು ಫಿಸ್ಕ್, ಆಮೇಲೆ ನ್ಯೂಯಾರ್ಕ್ ವಿಶ್ವವಿದ್ಯಾಲಯ, 1946ರಲ್ಲಿ ಕೊಲಂಬಿಯಾದಿಂದ ಕಾನೂನು ಪದವಿ. ಇದನ್ನು ಬರೀ ಅದೃಷ್ಟ ಎಂದು ಬರೆಯಬೇಡಿ. ಧೈರ್ಯವಾಗಿ ಆಡಿದ ಮಾತಿನ ಫಲ ಅದು.

ಉತ್ತರ 3: ಎರಡು ತಪ್ಪು ಎಲ್ಲರೂ ಮಾಡುತ್ತಾರೆ: ಬ್ರೌನ್ ಮೊಕದ್ದಮೆಯನ್ನು ಮಾಟ್ಲಿಯೇ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು ಎನ್ನುವುದು, ಅಲ್ಲಿ ವಾದಿಸಿದ್ದನ್ನೆಲ್ಲ ಗೆದ್ದರು ಎನ್ನುವುದು. ಶಾಲೆಗಳಲ್ಲಿ ಕಪ್ಪು, ಬಿಳಿ ಮಕ್ಕಳನ್ನು ಬೇರೆ ಇಡುವುದು ಸಂವಿಧಾನಬಾಹಿರ ಎಂದು ತೀರ್ಪು ಬಂದ ಬ್ರೌನ್ ಮೊಕದ್ದಮೆಯಲ್ಲಿ ಇವರು ಮೂಲ ದಾವಾಪತ್ರ ಬರೆದವರು. ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ್ದು ಸಹೋದ್ಯೋಗಿಗಳು. ಇವರೇ ಅಲ್ಲಿ ವಾದಿಸಿದ್ದು 10 ಮೊಕದ್ದಮೆ, ಗೆದ್ದದ್ದು 9. ಸೋತದ್ದು 1965ರ ಸ್ವೇನ್. ಕಾರಣ ಹೇಳದೆ ಜ್ಯೂರಿಯ (ತೀರ್ಪು ಕೊಡಲು ಕೂರುವ ಸಾಮಾನ್ಯ ಜನರ ಮಂಡಳಿಯ) ಸದಸ್ಯರನ್ನು ಕೈಬಿಡುವ ಹಕ್ಕು ಬಳಸಿ ಸರ್ಕಾರಿ ವಕೀಲರು ಕಪ್ಪು ಜನರನ್ನೆಲ್ಲ ಹೊರಗಿಟ್ಟಿದ್ದರು. ಒಂದು ವಿಚಾರಣೆಯಲ್ಲಿ ಹಾಗಾದರೆ ಸಾಲದು, ಮೊಕದ್ದಮೆಯಿಂದ ಮೊಕದ್ದಮೆಗೆ ಹೀಗೇ ನಡೆದಿದೆ ಎಂದು ತೋರಿಸಿ ಎಂದಿತು ಕೋರ್ಟು. ಯಾವ ಆರೋಪಿಯ ಕೈಲಾಗುತ್ತದೆ ಅದು? 1986ರಲ್ಲಿ ಅದೇ ಕೋರ್ಟಿನ ಬ್ಯಾಟ್ಸನ್ ತೀರ್ಪು ಆ ಹೊರೆಯನ್ನು ತೆಗೆದುಹಾಕಿತು.

ಗೌರವಗಳಿಗೆ ಒಂದು ಸಾಲು ಸಾಕು: 1982ರಲ್ಲಿ ಅದೇ ಜಿಲ್ಲಾ ನ್ಯಾಯಾಲಯದ ಮುಖ್ಯ ನ್ಯಾಯಾಧೀಶೆ, 2001ರಲ್ಲಿ ಅಧ್ಯಕ್ಷರ ನಾಗರಿಕ ಪದಕ. ಜಾಗ ಉಳಿದರೆ 1975ರ ಆದೇಶಕ್ಕೆ ಕೊಡಿ. ಲಿಂಗ ತಾರತಮ್ಯದ ದಾವೆಯೊಂದರಲ್ಲಿ, ನೀವು ಹೆಣ್ಣು, ಕಪ್ಪು ಜನರ ಪರ ವಾದಿಸಿದವರು, ಹಿಂದೆ ಸರಿಯಿರಿ ಎಂದು ಪ್ರತಿವಾದಿಗಳು ಕೇಳಿದರು. ಪ್ರತಿ ನ್ಯಾಯಾಧೀಶರಿಗೂ ಒಂದು ಜನಾಂಗ, ಒಂದು ಲಿಂಗ ಇದ್ದೇ ಇರುತ್ತದೆ, ಹಾಗೆ ನೋಡಿದರೆ ಈ ಕೋರ್ಟಿನ ಯಾರೂ ಇದನ್ನು ಕೇಳುವಂತಿಲ್ಲ ಎಂದು ಬರೆದು, ಮೊಕದ್ದಮೆಯನ್ನು ತಾವೇ ಇಟ್ಟುಕೊಂಡರು.