‘ಐ ಸೆಂಟ್’ ಅನ್ನಬೇಕಾ, ‘ಐ ಹ್ಯಾಡ್ ಸೆಂಟ್’ ಅನ್ನಬೇಕಾ?

ಪ್ರಶ್ನೆ:
ಆಫೀಸಿನ ಮೇಲ್‌ನಲ್ಲಿ ‘ಐ ಹ್ಯಾಡ್ ಸೆಂಟ್ ದ ಫೈಲ್ ಯೆಸ್ಟರ್‌ಡೇ’ ಅಂತ ಬರೆದಿದ್ದೆ. ಜೊತೆಗೆ ಕೆಲಸ ಮಾಡುವವರೊಬ್ಬರು ‘ಹ್ಯಾಡ್’ ತೆಗೆದುಹಾಕಿದರು. ಕಾರಣ ಕೇಳಿದರೆ ‘ಇಲ್ಲಿ ಬೇಡ’ ಅಂದರು, ಅಷ್ಟೇ. ನಾವು ‘ನಿನ್ನೆ ಕಳಿಸಿದ್ದೆ’ ಅಂತಲೇ ಹೇಳೋದು ಅಲ್ವಾ? ಮತ್ತೆ ತಪ್ಪೇನು?

ಉತ್ತರ 1:
ಕನ್ನಡದಿಂದ ಇಂಗ್ಲಿಷಿಗೆ ಬಂದ ಅನುವಾದಗಳನ್ನು ತಿದ್ದೋದು ನನ್ನ ಕೆಲಸ. ನಾನು ಅತಿ ಹೆಚ್ಚು ಹೊಡೆದುಹಾಕುವ ಪದ ಇದೇ ‘ಹ್ಯಾಡ್’. ತೊಡಕಿರೋದು ನಿಮ್ಮ ‘ಕಳಿಸಿದ್ದೆ’ಯಲ್ಲೇ. ಕನ್ನಡದಲ್ಲಿ ‘ನಿನ್ನೆ ಕಳಿಸಿದ್ದೆ’ ಅಂತ ಒಂದೇ ಮಾತು ಹೇಳಿ ನಿಲ್ಲಿಸಬಹುದು. ಇಂಗ್ಲಿಷಿನ ‘ಹ್ಯಾಡ್ ಸೆಂಟ್’ ಹಾಗೆ ಒಂಟಿಯಾಗಿ ನಿಲ್ಲೋದಿಲ್ಲ. ಅದಾದ ಮೇಲೆ ನಡೆದ ಇನ್ನೊಂದು ಸಂಗತಿ ಅದಕ್ಕೆ ಜೊತೆ ಬೇಕು, ಆ ಸಂಗತಿಯೂ ಮುಗಿದುಹೋಗಿರಬೇಕು. ‘ಹಿ ಕಾಲ್ಡ್ ಅಟ್ ಫೈವ್. ಐ ಹ್ಯಾಡ್ ಸೆಂಟ್ ದ ಫೈಲ್ ಬೈ ದೆನ್.’ ಅವರು ಫೋನ್ ಮಾಡಿದ್ದು ನಿನ್ನೆ. ಫೈಲ್ ಹೋದದ್ದು ಅದಕ್ಕೂ ಮೊದಲು. ಈ ‘ಅದಕ್ಕೂ ಮೊದಲು’ ಎಲ್ಲೂ ಇಲ್ಲದಿದ್ದರೆ ಸುಮ್ನೆ ‘ಸೆಂಟ್’ ಸಾಕು.

ಪ್ರಶ್ನೆ ಕೇಳಿದವರು:
ಹಾಗಾದರೆ ‘ಬಿಫೋರ್’ ಬಂದಾಗಲೆಲ್ಲ ‘ಹ್ಯಾಡ್’ ಹಾಕಲೇಬೇಕಾ?

ಉತ್ತರ 2:
ಬೇಕಂತೇನಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ‘ಬಿಫೋರ್’, ‘ಆಫ್ಟರ್’ ಅವೇ ಹೇಳಿಬಿಡುತ್ತವೆ. ‘ಐ ಸೆಂಟ್ ಇಟ್ ಬಿಫೋರ್ ಹಿ ಕಾಲ್ಡ್’ ಪೂರ್ತಿ ಸರಿ.

ಉತ್ತರ 1:
ಹೌದು. ಆದರೆ ‘ವೆನ್’ ಬಂದಾಗ ಹುಷಾರಾಗಿರಿ, ಅಲ್ಲಿ ಅರ್ಥವೇ ಬದಲಾಗುತ್ತದೆ. ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಲೆಫ್ಟ್’ ಅಂದರೆ ನಾನು ಹೋಗುತ್ತಿದ್ದಂತೆ ರೈಲು ಹೊರಟಿತು. ‘ದ ಟ್ರೇನ್ ಹ್ಯಾಡ್ ಲೆಫ್ಟ್’ ಅಂದರೆ ನಾನು ಹೋಗುವ ಹೊತ್ತಿಗೆ ಹೊರಟಿತ್ತು. ಮೊದಲನೆಯದರಲ್ಲಿ ರೈಲು ಕಣ್ಣಿಗೆ ಬಿತ್ತು, ಎರಡನೆಯದರಲ್ಲಿ ಬರೀ ಹಳಿ. ಹೊರಟಿತು, ಹೊರಟಿತ್ತು. ಒಂದು ಒತ್ತಕ್ಷರದಲ್ಲಿ ಕನ್ನಡ ಮಾಡುವ ಕೆಲಸವನ್ನೇ ಇಲ್ಲಿ ‘ಹ್ಯಾಡ್’ ಮಾಡುತ್ತದೆ. ನನಗೆ ತುಂಬಾ ಇಷ್ಟವಾದ ಜಾಗ ಇದು. ಇಲ್ಲಿ ಮಾತ್ರ ನಿಮ್ಮ ಕನ್ನಡದ ಕಿವಿಯನ್ನು ಧೈರ್ಯವಾಗಿ ನಂಬಬಹುದು.

ಇನ್ನೊಂದು ವಿಷಯ. ಹಳೆಯ ಘಟನೆಯನ್ನು ಉದ್ದವಾಗಿ ಹೇಳುವಾಗ ಮೊದಲ ಒಂದೆರಡು ವಾಕ್ಯಕ್ಕೆ ‘ಹ್ಯಾಡ್’ ಕೊಟ್ಟರೆ ಸಾಕು. ಆಮೇಲೆ ‘ವೆಂಟ್’, ‘ಸಾ’, ‘ಸೆಡ್’ ಅಂತಲೇ ಮುಂದುವರಿಸಿ. ಪ್ರತಿ ಸಾಲಿಗೂ ಹಾಕಿದರೆ ಓದೋದು ಕಷ್ಟ.

ಪ್ರಶ್ನೆ ಕೇಳಿದವರು:
ಈಗ ಆ ಮೇಲ್ ತೆಗೆದು ನೋಡಿದೆ. ಕೆಳಗಡೆ ‘ವೆನ್ ಯು ಆಸ್ಕ್ಡ್ ಫಾರ್ ಇಟ್, ಐ ಹ್ಯಾಡ್ ಆಲ್ರೆಡಿ ಸೆಂಟ್ ಇಟ್’ ಅಂತಲೂ ಬರೆದಿದ್ದೆ. ಅದನ್ನು ಅವರು ಮುಟ್ಟಿಯೇ ಇಲ್ಲ. ಯಾಕೆ ಅಂತ ಈಗ ಗೊತ್ತಾಯಿತು.