ಸಿಂಕ್ ಮಾಡುವಾಗ ಹಳೆಯ ಪ್ರತಿಗಳನ್ನು ಎಲ್ಲಿಡಬೇಕು? ‘ಹಳೆಯವು’ ಒಳಗೆ ಮತ್ತೊಂದು ‘ಹಳೆಯವು’ ಹುಟ್ಟುತ್ತಿದೆ

ಚಿತ್ರಸಂಚಿ:
ನಮಸ್ಕಾರ. ಲ್ಯಾಪ್‌ಟಾಪ್‌ನ ಕಡತಗಳನ್ನು ಫ್ರೀಫೈಲ್‌ಸಿಂಕ್ ತಂತ್ರಾಂಶದ ಮಿರರ್ ವಿಧಾನದಲ್ಲಿ ಹೊರಗಿನ ಹಾರ್ಡ್ ಡಿಸ್ಕ್‌ಗೆ ಸಿಂಕ್ ಮಾಡುತ್ತೇನೆ. ಎಡಗಡೆ (ಮೂಲ) ಡಿ ಡ್ರೈವ್‌ನ ‘ಕೆಲಸ’ ಫೋಲ್ಡರ್, ಬಲಗಡೆ (ನಕಲು) ನೇರವಾಗಿ ಇ ಡ್ರೈವ್, ಅಂದರೆ ಹೊರಗಿನ ಡಿಸ್ಕ್. ಅಳಿಸಿದ, ತಿದ್ದಿದ ಕಡತಗಳ ಹಿಂದಿನ ರೂಪ ಕೈಗೆ ಸಿಗಲಿ ಎಂದು ವರ್ಷನಿಂಗ್ ಆರಿಸಿ, ಇ ಡ್ರೈವ್‌ನಲ್ಲಿಯೇ ‘ಹಳೆಯವು’ ಎಂಬ ಫೋಲ್ಡರನ್ನು ತೋರಿಸಿದ್ದೇನೆ. ಈಗ ಪ್ರತಿ ಸಲವೂ ಅದರೊಳಗೆ ಇನ್ನೊಂದು ‘ಹಳೆಯವು’ ಹುಟ್ಟಿಕೊಳ್ಳುತ್ತಿದೆ. ಕಡತಗಳ ಹೆಸರು ನೋಡಿ:

ವರದಿ.ಡಾಕ್ಸ್ 2025-03-11 201455.ಡಾಕ್ಸ್ 2025-03-12 210322.ಡಾಕ್ಸ್

ಲ್ಯಾಪ್‌ಟಾಪ್‌ನಲ್ಲಿ ಏನನ್ನೂ ಮುಟ್ಟದ ದಿನವೂ ಹೀಗೆಯೇ. ಹಳೆಯ ಪ್ರತಿಗಳನ್ನು ಲ್ಯಾಪ್‌ಟಾಪ್‌ಗೇ ಸಾಗಿಸಿಬಿಡಲೇ?

ಮರುಪ್ರತಿ:
ತಂತ್ರಾಂಶ ನೀವು ಹೇಳಿದ್ದನ್ನೇ ಮಾಡುತ್ತಿದೆ. ಮಿರರ್ ಎಂದರೆ ಬಲಗಡೆ ಎಡಗಡೆಯಂತೆಯೇ ಇರಬೇಕು. ಎಡಗಡೆ ‘ಹಳೆಯವು’ ಇಲ್ಲ, ಬಲಗಡೆ ಇದೆ. ಆದ್ದರಿಂದ ಅದು ಅಳಿಸಬೇಕಾದ ಫೋಲ್ಡರ್. ಅಳಿಸುವುದನ್ನೆಲ್ಲ ‘ಹಳೆಯವು’ ಒಳಗೆ ಇಡು ಎಂದೂ ಹೇಳಿದ್ದೀರಿ. ಹಾಗಾಗಿ ಅದು ‘ಹಳೆಯವು’ ಫೋಲ್ಡರಿನಲ್ಲಿದ್ದುದನ್ನೆಲ್ಲ ಎತ್ತಿ, ಹೊಸ ಸಮಯದ ಮುದ್ರೆ ಒತ್ತಿ, ‘ಹಳೆಯವು’ ಒಳಗಿನ ‘ಹಳೆಯವು’ಗೆ ಸೇರಿಸುತ್ತದೆ. ಮರುದಿನ ಮತ್ತೆ ಅದೇ.

ಮೂಲ ತೊಡಕು ಇಡೀ ಇ ಡ್ರೈವ್ ಸಿಂಕ್‌ನ ಬಲಗಡೆಯಾಗಿರುವುದು. ಹಾಗಿದ್ದರೆ ಆ ಡಿಸ್ಕ್‌ನಲ್ಲಿ ಸಿಂಕ್‌ನ ಹೊರಗೆ ಎನ್ನುವ ಜಾಗವೇ ಉಳಿಯುವುದಿಲ್ಲ. ಇ ಡ್ರೈವ್‌ನಲ್ಲಿ ‘ಕೆಲಸ’ ಎಂಬ ಫೋಲ್ಡರ್ ಮಾಡಿ, ‘ಹಳೆಯವು’ ಒಂದನ್ನು ಬಿಟ್ಟು ನಿಮ್ಮ ಕಡತಗಳನ್ನೆಲ್ಲ ಅದಕ್ಕೆ ಸರಿಸಿ. ಒಂದೇ ಡಿಸ್ಕ್‌ನೊಳಗೆ ಸರಿಸುವುದು ಬರೀ ವಿಳಾಸ ಬದಲಿಸಿದಂತೆ, ಎಷ್ಟೇ ದೊಡ್ಡ ಕಡತವಿದ್ದರೂ ಕ್ಷಣದಲ್ಲಿ ಮುಗಿಯುತ್ತದೆ. ಆಮೇಲೆ ಬಲಗಡೆಯ ದಾರಿಯನ್ನು ಇ ಡ್ರೈವ್‌ನ ‘ಕೆಲಸ’ಕ್ಕೆ ಬದಲಿಸಿ. ‘ಹಳೆಯವು’ ಅದರ ಪಕ್ಕದಲ್ಲಿ ಇರಲಿ, ಒಳಗೆ ಬೇಡ.

ಇದಾದ ಮೇಲೆ ಕೂಡಲೇ ಸಿಂಕ್ ಒತ್ತಬೇಡಿ. ಮೊದಲು ಕಂಪೇರ್ (ಎರಡೂ ಕಡೆಯ ವ್ಯತ್ಯಾಸಗಳ ಪಟ್ಟಿ ತೋರಿಸುವುದು) ಮಾತ್ರ ಮಾಡಿ. ಎರಡೂ ಕಡೆ ದಿನಾಂಕ, ಗಾತ್ರ ಒಂದೇ ಇರುವುದರಿಂದ ಪಟ್ಟಿ ಬಹುತೇಕ ಖಾಲಿ ಬರಬೇಕು. ಸಾವಿರಾರು ಸಾಲು ಬಂದರೆ ದಾರಿ ಎಲ್ಲೋ ತಪ್ಪಿದೆ ಎಂದರ್ಥ.

ತಂತಿಜಾಲ:
ಇಷ್ಟೆಲ್ಲ ಸರಿಸುವ ಬದಲು ಫಿಲ್ಟರ್‌ನ ಎಕ್ಸ್‌ಕ್ಲೂಡ್ (ಸಿಂಕ್‌ನಿಂದ ಹೊರಗಿಡುವ) ಪಟ್ಟಿಯಲ್ಲಿ \ಹಳೆಯವು\ ಎಂದು ಒಂದು ಸಾಲು ಬರೆದರೂ ಸಾಕಲ್ಲವೇ?

ಮರುಪ್ರತಿ:
ಸಾಕು, ಕೆಲಸ ಆಗುತ್ತದೆ. ಆದರೆ ಮುಂದೆಂದೋ ಫೋಲ್ಡರಿನ ಹೆಸರು ಬದಲಿಸಿ, ಫಿಲ್ಟರ್ ಬದಲಿಸಲು ಮರೆತರೆ ಮತ್ತೆ ಇದೇ ಕಥೆ. ಪಕ್ಕದಲ್ಲಿಟ್ಟರೆ ನೆನಪಿಟ್ಟುಕೊಳ್ಳುವ ಕೆಲಸವೇ ಇಲ್ಲ. ನಾನಾದರೆ ಪಕ್ಕದಲ್ಲಿಯೇ ಇಡುತ್ತೇನೆ.

ಲ್ಯಾಪ್‌ಟಾಪ್‌ಗೆ ಸಾಗಿಸುವ ಮಾತು: ಬೇಡ. ತಿದ್ದಿದ ಕಡತದ ಹಿಂದಿನ ರೂಪ ಇರುವುದು ಹೊರಗಿನ ಡಿಸ್ಕ್‌ನಲ್ಲಿ. ಅದೇ ಡಿಸ್ಕ್‌ನಲ್ಲಿ ಬೇರೆ ಫೋಲ್ಡರಿಗೆ ಹೋಗಬೇಕಾದರೆ ಸರಿಸಿದರೆ ಆಯಿತು. ಲ್ಯಾಪ್‌ಟಾಪ್‌ಗೆ ಬರಬೇಕಾದರೆ ಪೂರ್ತಿ ಓದಿ, ಪೂರ್ತಿ ಬರೆದು, ಆಮೇಲೆ ಅಲ್ಲಿ ಅಳಿಸಬೇಕು. ಪಠ್ಯ ಕಡತಗಳಿಗೆ ಗೊತ್ತಾಗುವುದಿಲ್ಲ, ವೀಡಿಯೊ ಇದ್ದರೆ ಕಾದು ಕಾದು ಸಾಕಾಗುತ್ತದೆ. ಜೊತೆಗೆ ಲ್ಯಾಪ್‌ಟಾಪ್‌ನ ಜಾಗವೂ ತುಂಬುತ್ತದೆ.

ತಂತಿಜಾಲ:
ಹೊರಗಿನ ಡಿಸ್ಕ್ ಕೆಟ್ಟರೆ ಮಿರರ್ ಪ್ರತಿಯೂ ಹೋಯಿತು, ಹಳೆಯ ಪ್ರತಿಗಳೂ ಹೋದವು. ಅದಕ್ಕೇನು ಮಾಡುವುದು?

ಮರುಪ್ರತಿ:
ಹೋಗುತ್ತವೆ, ನಿಜ. ಆದರೆ ವರ್ಷನಿಂಗ್ ಕೈತಪ್ಪಿನಿಂದ ಕಾಪಾಡಲು ಇರುವುದು, ಡಿಸ್ಕ್ ಸಾಯುವುದರಿಂದಲ್ಲ. ಅದಕ್ಕೆ ಎರಡನೆಯ ಡಿಸ್ಕ್ ಬೇಕು, ಅದಕ್ಕೆ ‘ಕೆಲಸ’, ‘ಹಳೆಯವು’ ಎರಡನ್ನೂ ಆಗಾಗ ನಕಲು ಮಾಡಬೇಕು. ಎರಡು ಕೆಲಸವನ್ನು ಒಂದೇ ಫೋಲ್ಡರಿಗೆ ಹೊರಿಸಲು ಹೋದಾಗಲೇ ಇಂಥ ಗೋಜಲು ಆಗುವುದು. ಇನ್ನೊಂದು ಮಾತು: ಎರಡು ಸಿಂಕ್‌ಗಳ ನಡುವೆ ಒಂದೇ ಕಡತವನ್ನು ಹತ್ತು ಸಲ ತಿದ್ದಿ ಉಳಿಸಿದರೂ ಸಿಗುವುದು ಒಂದೇ ಹಳೆಯ ಪ್ರತಿ. ನಡುವಿನ ಒಂಬತ್ತು ಡಿಸ್ಕ್‌ಗೆ ತಲುಪಿಯೇ ಇರುವುದಿಲ್ಲ.

ಎರಡುತುದಿ:
ಸಿಂಕ್‌ಥಿಂಗ್ (ಸಾಧನಗಳ ನಡುವೆ ಕಡತಗಳನ್ನು ಸಿಂಕ್ ಮಾಡುವ ಇನ್ನೊಂದು ತಂತ್ರಾಂಶ) ಬಳಸುವವರಿಗೂ ಇದು ಅನ್ವಯಿಸುತ್ತದೆ, ಸ್ವಲ್ಪ ಬೇರೆ ರೀತಿಯಲ್ಲಿ. ಹಳೆಯ ಪ್ರತಿಗಳನ್ನಿಡುವ ಅದರ .ಎಸ್‌ಟಿವರ್ಷನ್ಸ್ ಫೋಲ್ಡರ್ ಸಿಂಕ್ ಆಗುವ ಫೋಲ್ಡರಿನೊಳಗೇ ಇರುತ್ತದೆ, ಆದರೆ ತಂತ್ರಾಂಶ ಅದನ್ನು ತಾನಾಗಿಯೇ ಸಿಂಕ್‌ನಿಂದ ಹೊರಗಿಡುತ್ತದೆ. ಅಲ್ಲಿ ಜನ ಎಡವುವುದು ಬೇರೆ ಕಡೆ. ಇನ್ನೊಂದು ಸಾಧನದಿಂದ ಬದಲಾವಣೆ ಬಂದಾಗ ಮಾತ್ರ ಹಳೆಯ ಪ್ರತಿ ಉಳಿಯುತ್ತದೆ. ನೀವು ಕುಳಿತಿರುವ ಯಂತ್ರದಲ್ಲಿಯೇ ತಿದ್ದಿದರೆ ಅಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ಲ್ಯಾಪ್‌ಟಾಪ್‌ನಲ್ಲಿ ಬರೆಯುವವರು ವರ್ಷನಿಂಗನ್ನು ಎದುರು ತುದಿಯ ಯಂತ್ರದಲ್ಲಿ ಚಾಲೂ ಮಾಡಬೇಕು.

ಚಿತ್ರಸಂಚಿ:
ಮರುಪ್ರತಿ ಅವರು ಹೇಳಿದಂತೆ ಮಾಡಿದೆ. ಕಂಪೇರ್‌ನಲ್ಲಿ ಎರಡೇ ಸಾಲು ಬಂದವು, ಎರಡೂ ಇಂದು ತಿದ್ದಿದ ಕಡತಗಳೇ. ಧನ್ಯವಾದಗಳು. ಆದರೆ ಹಳೆಯ ಗೋಜಲನ್ನು ಅಳಿಸಲು ಹೋದರೆ ದಾರಿ ತುಂಬಾ ಉದ್ದವಾಯಿತು ಎಂದು ವಿಂಡೋಸ್ ತಕರಾರು ಮಾಡುತ್ತಿದೆ. ಎಷ್ಟು ಪ್ರತಿ ಇಟ್ಟುಕೊಳ್ಳಬೇಕು ಎಂಬುದನ್ನೂ ತಿಳಿಸಿ.

ಮರುಪ್ರತಿ:
ದಾರಿ 260 ಅಕ್ಷರದ ಮಿತಿ ದಾಟಿದಾಗ ಫೈಲ್ ಎಕ್ಸ್‌ಪ್ಲೋರರ್ ಹೀಗೆ ಹಟ ಹಿಡಿಯುತ್ತದೆ. ಒಳಗಿನ ‘ಹಳೆಯವು’ಗಳ ಹೆಸರನ್ನು ಮೇಲಿನಿಂದ ಒಂದೊಂದಾಗಿ ಒಂದಕ್ಷರಕ್ಕೆ ಇಳಿಸುತ್ತಾ ಹೋಗಿ, ದಾರಿ ಚಿಕ್ಕದಾಗುತ್ತದೆ. ಎಲ್ಲವನ್ನೂ ಕಣ್ಣು ಮುಚ್ಚಿ ಅಳಿಸಬೇಡಿ. ನಿಜವಾಗಿ ಬೇಕಾದ ಹಳೆಯ ಕಡತವೂ ಅದರಲ್ಲಿಯೇ ಹೂತಿರುತ್ತದೆ. ಹೆಸರಿನ ಮೊದಲ ಸಮಯಮುದ್ರೆಯೇ ನಿಜವಾದದ್ದು, ಅದನ್ನು ಮಾತ್ರ ನೋಡಿ.

ಎಷ್ಟು ಪ್ರತಿ ಎಂದರೆ, ಹಳೆಯ ಪ್ರತಿಗಳಿಗೆ ಹೆಸರಿಡುವ ರೀತಿಯಾಗಿ ‘ರಿಪ್ಲೇಸ್’ ಆರಿಸಬೇಡಿ, ಅದರಲ್ಲಿ ಪ್ರತಿ ಕಡತಕ್ಕೆ ಒಂದೇ ಹಳೆಯ ಪ್ರತಿ ಉಳಿಯುತ್ತದೆ. ಈಗಿರುವ ‘ಟೈಮ್ ಸ್ಟ್ಯಾಂಪ್’ (ಸಮಯಮುದ್ರೆ) ಸರಿಯಾಗಿದೆ. ಮಿತಿಯ ಜಾಗದಲ್ಲಿ 90 ದಿನ, ಕನಿಷ್ಠ 1 ಎಂದು ಹಾಕಿ. 90 ದಿನ ಕಳೆದರೂ ಪ್ರತಿ ಕಡತದ ಕೊನೆಯ ಹಳೆಯ ಪ್ರತಿ ಒಂದು ಉಳಿದಿರುತ್ತದೆ. ಡಿಸ್ಕ್ ತುಂಬತೊಡಗಿದರೆ ದಿನಗಳನ್ನು ಇಳಿಸಿ, ಕನಿಷ್ಠವನ್ನು ಮುಟ್ಟಬೇಡಿ.