ಹಳೆಯ ಆಕ್ಟೇವಿಯಾ ಆರ್‌ಎಸ್ ಕೊಂಬಿ: ಇಟ್ಟುಕೊಂಡವರು ಏನನ್ನುತ್ತೀರಿ?

ಕೇಳಿದವರು, ಮ್ಯೂನಿಕ್‌ನಿಂದ

ಇಬ್ಬರು ಮಕ್ಕಳು, ಒಂದು ತಳ್ಳುಗಾಡಿ, ಬೇಸಿಗೆಗೆ ದಾವಣಗೆರೆಯಿಂದ ಬರುವ ಅಪ್ಪ ಅಮ್ಮ. ಎತ್ತರದ ಎಸ್‌ಯುವಿ ನನಗೆ ಒಗ್ಗದು, ಕಾರು ಓಡಿಸುವ ಆಸೆ ಇನ್ನೂ ಬತ್ತಿಲ್ಲ. 2016ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕೊಂಬಿ, ಅಂದರೆ ಹೆಚ್ಚು ಶಕ್ತಿಯ ಸ್ಟೇಷನ್ ವ್ಯಾಗನ್, ಕಣ್ಣಿಗೆ ಬಿದ್ದಿದೆ. 220 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್, ಡಿಎಸ್‌ಜಿ ಎಂಬ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್, ಓಡಿರುವುದು 1,18,000 ಕಿ.ಮೀ. ಕೊಳ್ಳಬಹುದೇ?

ಸ್ಟುಟ್‌ಗಾರ್ಟ್‌ನಿಂದ, ಇದೇ ಕಾರು, ಆರನೇ ವರ್ಷ

ಮೊದಲು ಡಿಕ್ಕಿಯ ಮಾತು, ಮನೆಯಲ್ಲಿ ಒಪ್ಪಿಗೆ ಸಿಗುವುದು ಅದರಿಂದಲೇ. 610 ಲೀಟರ್. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ 23 ಕಿಲೋದ ಸೂಟ್‌ಕೇಸ್‌ಗಳಲ್ಲಿ ಮೂರನ್ನು ನಿಲ್ಲಿಸಿ, ನಾಲ್ಕನೆಯದನ್ನು ಅವುಗಳ ಮೇಲೆ ಮಲಗಿಸುತ್ತೇನೆ. ಡಿಕ್ಕಿಯ ಪರದೆಯನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರೆ ಬಾಗಿಲು ಮುಚ್ಚುತ್ತದೆ. ಹಪ್ಪಳದ ಡಬ್ಬ ಮಾತ್ರ ಅಮ್ಮನ ಮಡಿಲಿನಲ್ಲೇ ಬರಬೇಕು.

ಈಗ ನಿಜವಾದ ವಿಷಯ. ಈ ಗೇರ್‌ಬಾಕ್ಸಿನ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ. ಆ ಎಣ್ಣೆಯನ್ನೂ ಫಿಲ್ಟರನ್ನೂ 60,000 ಕಿ.ಮೀ.ಗೊಮ್ಮೆ ಬದಲಿಸಬೇಕು. ನೀವು ನೋಡಿರುವ ಕಾರಿಗೆ ಒಮ್ಮೆ ಆಗಿರಬೇಕು, ಎರಡನೆಯದು ಬಾಗಿಲಲ್ಲೇ ನಿಂತಿದೆ. ಬಿಲ್ ಕೇಳಿ. 'ಮಾಡಿಸಿದ್ದೇನೆ' ಎಂಬ ಬಾಯಿಮಾತನ್ನು ನಂಬಿ ನಾನು ಕೆಟ್ಟಿದ್ದೇನೆ. ನನ್ನ ಕಾರಿನ ಹಿಂದಿನ ಮಾಲೀಕ ಅದನ್ನು ಸದ್ದಿಲ್ಲದೆ ದಾಟಿಸಿಬಿಟ್ಟಿದ್ದ. ನೆಲಮಾಳಿಗೆಯ ಪಾರ್ಕಿಂಗ್‌ನಿಂದ ನಿಧಾನವಾಗಿ ಮೇಲೆ ಬರುವಾಗ, ಬೆನ್ನಿಗೆ ಯಾರೋ ಮೊಣಕಾಲು ಕೊಟ್ಟಂತೆ ಜಗ್ಗುತ್ತಿತ್ತು. ಹೊರಬಂದ ಎಣ್ಣೆ ಸುಟ್ಟ ಬೆಲ್ಲದ ಪಾಕದ ಬಣ್ಣದಲ್ಲಿತ್ತು. ಬದಲಿಸಿದ ಮೇಲೆ ಜಗ್ಗಾಟ ಬಹುಪಾಲು ನಿಂತಿತು, ಪೂರ್ತಿ ಅಲ್ಲ.

ಕಾರು ನೋಡಲು ಹೋಗುವ ದಿನ ಎಂಜಿನ್ ತಣ್ಣಗಿರಲಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಇದಕ್ಕಿಂತ ಹಿಂದಿನ ತಲೆಮಾರಿನ ಟಿಎಸ್‌ಐ ಪೆಟ್ರೋಲ್ ಎಂಜಿನ್‌ಗಳಲ್ಲಿ, ಒಳಗಿನ ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಪರಿಚಿತ ತಲೆನೋವು. ಇದರಲ್ಲಿ ಅಷ್ಟು ಭಯವಿಲ್ಲ, ಆದರೂ ಚೈನಿನ ಗಲಗಲ ಸದ್ದು ಬರುತ್ತದೆಯೇ ಎಂದು ಮೊದಲ ಹತ್ತು ಸೆಕೆಂಡು ಕಿವಿಗೊಟ್ಟು ಕೇಳುವುದರಲ್ಲಿ ನಷ್ಟವೇನು?

ಎರಡು ವರ್ಷಕ್ಕೊಮ್ಮೆ ನಡೆಯುವ ತಪಾಸಣೆಯ ಹಳೆಯ ವರದಿಗಳನ್ನೂ ಕೇಳಿ. ಪ್ರತಿಯೊಂದರಲ್ಲೂ ಆ ದಿನದ ಕಿ.ಮೀ. ಅಚ್ಚಾಗಿರುತ್ತದೆ. ಮೀಟರ್ ತಿರುಗಿಸಿದವನು ಅಲ್ಲಿ ಸಿಕ್ಕಿಬೀಳುತ್ತಾನೆ. ಆರ್‌ಎಸ್ ಎಂದರೆ ಚಿಪ್ ಟ್ಯೂನಿಂಗ್ (ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸುವುದು) ಮಾಡಿಸುವವರಿಗೆ ಕೈ ತುರಿಸುತ್ತದೆ. ಕಾಗದದಲ್ಲಿ ದಾಖಲಾಗದ ಟ್ಯೂನಿಂಗ್ ಇದ್ದರೆ ರಸ್ತೆಯ ಅನುಮತಿ, ವಿಮೆ ಎರಡಕ್ಕೂ ಕುತ್ತು. ಚೊಕ್ಕ ಕಾಗದಪತ್ರವಿರುವ ಸಪ್ಪೆ ಬೂದು ಬಣ್ಣದ ಕಾರು ಸಿಕ್ಕರೆ, ಹೊಳೆಯುವ ಕೆಂಪನ್ನು ತಿರುಗಿಯೂ ನೋಡಬೇಡಿ.

ನ್ಯೂರೆಂಬರ್ಗ್‌ನಿಂದ, ಡೀಸೆಲ್ ಮಾಲೀಕ

ನನ್ನದು 184 ಅಶ್ವಶಕ್ತಿಯ ಟಿಡಿಐ. ವಾರಕ್ಕೊಮ್ಮೆ ಎ9 ಹೆದ್ದಾರಿಯಲ್ಲಿ ಲೈಪ್‌ಜಿಗ್‌ಗೆ ಹೋಗಿ ಬರುವ ನನಗೆ ಇದೇ ಸರಿ. ತೆರಿಗೆ ಮಾತ್ರ ಕಚ್ಚುತ್ತದೆ: ಪ್ರತಿ 100 ಸಿಸಿಗೆ ಪೆಟ್ರೋಲ್‌ಗೆ 2 ಯೂರೋ, ಡೀಸೆಲ್‌ಗೆ 9.50. ಇಂಗಾಲದ ಲೆಕ್ಕ ಬೇರೆ. ಮಕ್ಕಳನ್ನು ಶಿಶುವಿಹಾರಕ್ಕೆ ಬಿಟ್ಟು ಬರುವ ಐದು ನಿಮಿಷದ ಓಟವೇ ನಿಮ್ಮ ದಿನಚರಿಯಾದರೆ ಡೀಸೆಲ್ ಬೇಡ, ಹೊಗೆಯ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಮಾರುವವರು ವ್ಯಾಪಾರಿಯೋ ಖಾಸಗಿಯವರೋ? ವ್ಯಾಪಾರಿಯಾದರೆ ದೋಷಗಳಿಗೆ ಕನಿಷ್ಠ ಒಂದು ವರ್ಷದ ಕಾನೂನು ಹೊಣೆ ಅವರ ಮೇಲಿರುತ್ತದೆ. ಖಾಸಗಿಯವರು ಕರಾರಿನ ಒಂದು ಸಾಲಿನಲ್ಲಿ ಕೈ ತೊಳೆದುಕೊಳ್ಳಬಹುದು.

ಕಾರ್ಲ್ಸ್‌ರೂಹೆಯಿಂದ, ಹಿಂದಿನ ಸೀಟಿನ ಪರವಾಗಿ

ನಮ್ಮವರು ಅಂದಕ್ಕೆ ಮರುಳಾಗಿ 19 ಇಂಚಿನ ಚಕ್ರದ ಕಾರು ತಂದರು. 225/35 ಅಳತೆಯ ಟೈರು (ಎರಡನೇ ಅಂಕಿ ಸಣ್ಣದಾದಷ್ಟೂ ಟೈರಿನ ಗೋಡೆ ಗಿಡ್ಡ) ಎಂದರೆ ಚಕ್ರಕ್ಕೆ ಸುತ್ತಿದ ರಬ್ಬರ್ ಬಳೆ. ಕಲ್ಲು ಹಾಸಿದ ಬೀದಿಯಲ್ಲಿ ಪ್ರತಿ ಕಲ್ಲನ್ನೂ ಬೆನ್ನು ಎಣಿಸುತ್ತಿತ್ತು. ಸ್ಪ್ರಿಂಗ್ ಮೊದಲೇ ಬಿಗಿ. ಚಳಿಗಾಲಕ್ಕೆ 225/45ರ 17 ಇಂಚಿನವು ಬಂದವು, ಮಗಳ ವಾಂತಿ ನಿಂತಿತು. ಆಮೇಲೆ ಬೇಸಿಗೆಗೂ ಅದೇ ಅಳತೆ ಹಾಕಿಸಿದೆವು.

ಅಂದ ಹಾಗೆ, ಜೊತೆಗೆ ಚಳಿಗಾಲದ ಟೈರು ಕೊಡುತ್ತೇವೆ ಎಂದರೆ ಹಿಗ್ಗಬೇಡಿ, ಬಗ್ಗಿ ನೋಡಿ. ಜರ್ಮನಿಯಲ್ಲಿ ಅಕ್ಟೋಬರ್ 2024ರಿಂದ ಟೈರಿನ ಮೇಲೆ ಬೆಟ್ಟದೊಳಗೆ ಹಿಮದ ಹರಳಿರುವ ಗುರುತು ಇರಲೇಬೇಕು, ಬರೀ ಎಂ ಪ್ಲಸ್ ಎಸ್ (ಕೆಸರು ಮತ್ತು ಹಿಮ) ಎಂದಿದ್ದರೆ ಸಾಲದು.

ಕೇಳಿದವರು, ಮತ್ತೆ

ಎಲ್ಲರಿಗೂ ಧನ್ಯವಾದ. ಮಾರುವವರಿಗೆ ಫೋನ್ ಮಾಡಿದೆ. ಗೇರ್ ಎಣ್ಣೆಯ ಬಿಲ್ ಇದೆಯಂತೆ, 61,000ಕ್ಕೆ ಮಾಡಿಸಿದ್ದು. ಮುಂದಿನದು ಹತ್ತಿರ ಬಂತಲ್ಲ ಎಂದು ಬೆಲೆಯಲ್ಲಿ ಸ್ವಲ್ಪ ಇಳಿಸಲು ಕೇಳಿದ್ದೇನೆ. ಚಕ್ರ 18 ಇಂಚಿನವು. ಶನಿವಾರ ಬೆಳಿಗ್ಗೆ ಎಂಟಕ್ಕೆ ನೋಡಲು ಹೋಗುತ್ತೇನೆ, ನಾನು ಬರುವವರೆಗೂ ಕೀಲಿ ತಿರುಗಿಸಬೇಡಿ ಎಂದಿದ್ದೇನೆ. ತಳ್ಳುಗಾಡಿಯನ್ನೂ ಒಯ್ಯುತ್ತಿದ್ದೇನೆ.